ಬರುವಾಗ ನಾನು

ತೀರಿಕೊಂಡ ಅಪ್ಪನ ಹಳೇ ಜಾವಾ ಬೈಕು ಹತ್ತಿ ಭಾನುವಾರ ಅಣ್ಣನೂ ನಾನೂ ಸುತ್ತಾಡಲು ಹೋಗಿದ್ದೆವು. ಹೋಗುವಾಗ ಅವನು ಓಡಿಸುವುದು, ಬರುವಾಗ ನಾನು ಎಂದು ಮಾತಾಗಿತ್ತು. ವಾಪಸು ಹೊರಡುವ ಮುಂಚೆ ಟೀ ಕುಡಿದು ಎದ್ದವನು ಮತ್ತೆ ತಾನೇ ಹ್ಯಾಂಡಲ್ ಹಿಡಿದು ಕೂತ.

"ಇಳಿಯಣ್ಣ, ಈಗ ನಾನು."

"ಅಪ್ಪನ ಗಾಡಿ ಕಣೇ. ನಿನ್ ಕೈಗೆ ಕೊಟ್ಟು ಹಾಳು ಮಾಡ್ಕೊಳ್ಳಲಾ?"

"ನಿನ್ನೊಬ್ಬಂಗೇ ಅಪ್ಪನಾ? ಹಾಗಾದ್ರೆ ನೀನೇ ಇಟ್ಕೊಂಡು ಪೂಜೆ ಮಾಡು. ಇನ್ನು ಸತ್ರೂ ನಾನದನ್ನ ಹತ್ತಲ್ಲ."

"ನಂಗೂ ಬೇಡ. ನೀನೇ ತಗೊಂಡು ಸಾಯಿ!"

ಕೀ ಕಿತ್ತು ಟೀ ಅಂಗಡಿಯ ಬೆಂಚಿನ ಮೇಲೆ ಎಸೆದ. ಬರೀ ನಾಟಕ. ಅವನು ಆ ಗಾಡಿ ಬಿಟ್ಟು ಕದಲುವವನಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ತಿರುಗಿಯೂ ನೋಡದೆ ಊರಿನ ಬಸ್ಸು ಹತ್ತಿದೆ.

ಬಸ್ಸು ತುಂಬಿ ತುಳುಕುತ್ತಿತ್ತು. ಮುಂದೆ ಹೆಂಗಸರ ನಡುವೆ ಕಂಬಿ ಹಿಡಿದು ನಿಂತು, ದಾರಿಯುದ್ದಕ್ಕೂ ಅವನಿಗೆ ಶಾಪ ಹಾಕಿದೆ. ಅವನು ಇಷ್ಟು ಹೊತ್ತಿಗೆ ಆರಾಮಾಗಿ ಗಾಡಿ ಓಡಿಸಿಕೊಂಡು ಮನೆ ಸೇರಿರುತ್ತಾನೆ ಎಂದು ನೆನೆದಾಗೆಲ್ಲ ಹೊಟ್ಟೆ ಉರಿಯಿತು.

ನಮ್ಮ ಸ್ಟಾಪಿನಲ್ಲಿ ಮುಂದಿನ ಬಾಗಿಲಿಂದ ಇಳಿದೆ.

ಹಿಂದಿನ ಬಾಗಿಲಿಂದ ಅಣ್ಣ ಇಳಿಯುತ್ತಿದ್ದ.