ತಳದ ರಾಡಿ

ಫ್ರಿಜ್‌ನಿಂದ ಗಾಜಿನ ಜಾಡಿಯನ್ನು ತೆಗೆದು ಶಿವರಾಜ್ ಬೆಳಕಿಗೆ ಹಿಡಿದ. ಎರಡು ಲೀಟರ್ ಕಂದು ನೀರು ತಿಳಿಯಾಗಿತ್ತು. ತಳದಲ್ಲಿ ಬೆರಳಗಲ ಕುಳಿತಿರಬೇಕಾದ ಬಿಳಿ ಪದರ ಇರಲಿಲ್ಲ.

"ಅವ್ವಾ, ಇದನ್ನ ಯಾರು ಮುಟ್ಟಿದ್ರು?"

"ನಾನ," ಎಂದಳು ಶಾಂತವ್ವ, ರೊಟ್ಟಿ ಬಡಿಯುತ್ತಲೇ. "ತಳದಾಗ ರಾಡಿ ಕುಂತಿತ್ತು. ತಿಳಿ ಬ್ಯಾರೆ ಪಾತ್ರಿಗೆ ಬಸದು, ಜಾಡಿ ತೊಳದು, ಹೊಳ್ಳಿ ಹಾಕೀನಿ. ನಿನ್ನ ಆಫೀಸಿನ ಸಾಮಾನಂತ ತಿಳಿ ಒಂದ್ ಹನಿ ಚೆಲ್ಲಿಲ್ಲ ನೋಡು."

ಅದು ಆಫೀಸಿನದಲ್ಲ. ಪಕ್ಕದ ಮನೆಯ ಟ್ರೆವರ್ ಹತ್ತೊಂಬತ್ತು ವರ್ಷ ಕಾಪಾಡಿದ್ದ ಯೀಸ್ಟ್. ಮನೆಯಲ್ಲೇ ಲಾಗರ್ ಬಿಯರ್ ತಯಾರಿಸುತ್ತಿದ್ದ ಅವನು ಪ್ರತಿ ಸಲ ತಳದಲ್ಲಿ ಉಳಿದದ್ದನ್ನು ಮುಂದಿನ ಸಲಕ್ಕೆ ಎತ್ತಿಡುತ್ತಿದ್ದ. 2006ರ ಫೆಬ್ರವರಿಯಲ್ಲಿ ತೀರಿಕೊಂಡ. ಅಕ್ಟೋಬರ್‌ನಲ್ಲಿ ಅವನ ಹುಟ್ಟುಹಬ್ಬದಂದು ಗೆಳೆಯರಿಗೆ ಅದೇ ಬಿಯರ್ ಕೊಡಬೇಕೆಂದು ಹೆಂಡತಿ ನೋಲೀನ್‌ಗೆ ಆಸೆ. ಶಿವರಾಜ್ ಹಾಲಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುವವನು. ಅದಕ್ಕೇ ಅವಳು ಉಳಿದಿದ್ದ ಎರಡು ಚಮಚ ಯೀಸ್ಟನ್ನು ಅವನ ಕೈಗೆ ಕೊಟ್ಟಿದ್ದಳು. ತಂಪಿನಲ್ಲಿ ಹುದುಗುವ ಲಾಗರ್‌ಗೆ ಯೀಸ್ಟ್ ಹೆಚ್ಚು ಬೇಕು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಮಾಲ್ಟ್ ಕುದಿಸಿ ಆರಿಸಿದ ನೀರಿನಲ್ಲಿ, ಮೊದಲು ಇನ್ನೂರು ಮಿಲಿಲೀಟರ್, ನಂತರ ಎರಡು ಲೀಟರ್ ಎಂದು ಒಂಬತ್ತು ದಿನ ಬೆಳೆಸಿದ್ದ. ಯೀಸ್ಟ್ ತಳ ಸೇರಲೆಂದು ಫ್ರಿಜ್‌ನಲ್ಲಿಟ್ಟಿದ್ದ. ಚೆಲ್ಲಬೇಕಾದದ್ದು ತಿಳಿ, ಉಳಿಸಬೇಕಾದದ್ದು ರಾಡಿ.

ಲಿಂಗಪೂಜೆಯ ಮನೆಯಲ್ಲಿ ಬಿಯರಿನ ಮಾತು ಬೇಡವೆಂದು ಅವ್ವನಿಗೆ ಸುಳ್ಳು ಹೇಳಿದ್ದ. ಈಗ ಎಲ್ಲವನ್ನೂ ಹೇಳಿದ. ಶಾಂತವ್ವ ಒಲೆ ಆರಿಸಿದಳು.

"ಹೆಪ್ಪೇನೋ ಅದು?"

"ಹೂಂ. ಸೆರೇದು."

"ಹಂಗಂತ ಹೇಳಿದ್ರ ಮುಟ್ಟತಿದ್ನೇನು? ಹೆಪ್ಪಿನ ಬೆಲೆ ನನಗ ಗೊತ್ತಿಲ್ಲೇನು?" ಜಾಡಿಯತ್ತ ಬಾಗಿ ಕೇಳಿದಳು, "ಈ ತಿಳಿಯಾಗ ಒಂಚೂರೂ ಉಳದಿಲ್ಲೇನು?"

"ಇರಬಹುದು. ಅಡಿಗಿ ಪಾತ್ರಿಗೆ ಬಸದಿ, ಬ್ಯಾರೆ ಕ್ರಿಮಿ ಸೇರಿರತಾವ. ಇನ್ನ ಅದನ್ನ ನಂಬಾಕ ಬರೂದಿಲ್ಲ."

"ನಮ್ಮ ಮನ್ಯಾಗ ಹೆಪ್ಪು ಕೆಟ್ರ ಮಗ್ಗಲ ಮನಿಗೆ ಹೋಗತಿದ್ವಿ. ಆಕಿಗೆ ಹೋಗಾಕ ಮನಿ ಇಲ್ಲಲ್ಲೋ," ಎಂದು ಶಾಂತವ್ವ ಕೈತೊಳೆದು ಸೆರಗು ಹೊದ್ದಳು. "ನಡಿ. ನಾನ ಹೇಳತೀನಿ."

ನೋಲೀನ್ ಮನೆಯಲ್ಲಿ ಅವಳು ಹೇಳಿದ್ದು ಕನ್ನಡದಲ್ಲಿ. ಶಿವರಾಜ್ ಇಂಗ್ಲಿಷಿಗೆ ತಿರುಗಿಸುತ್ತ, ತನ್ನ ಸುಳ್ಳನ್ನೂ ಸೇರಿಸಿದ. ನೋಲೀನ್ ಕೇಳಿಸಿಕೊಂಡು, ಗ್ಯಾರೇಜಿಗೆ ಹೋಗಿ ಒಂದು ದೊಡ್ಡ ಕಂದು ಬಾಟಲಿ ತಂದಳು. ಲೇಬಲ್ ಮೇಲೆ ಟ್ರೆವರನ ಕೈಬರಹದಲ್ಲಿ, ಅವನು ತೀರಿಕೊಳ್ಳುವ ಹಿಂದಿನ ತಿಂಗಳು ಜನವರಿಯ ತಾರೀಖು. ಕಿಟಕಿಗೆ ಹಿಡಿದಾಗ ತಳದಲ್ಲಿ ಎಳೆಯಷ್ಟು ಬಿಳುಪು, ಅದೇ ಯೀಸ್ಟ್, ಕಂಡಿತು.

"ಅವನು ತುಂಬಿಸಿದ್ದರಲ್ಲಿ ಇದೊಂದೇ ಉಳಿದದ್ದು, ಶಿವ್. ಇದರಿಂದ ಆಗುತ್ತದೆಯೇ?"

"ಆಗಬಹುದು. ಖಾತ್ರಿ ಹೇಳಲಾರೆ. ಮತ್ತೆ ಇದನ್ನು ತೆರೆಯಬೇಕಾಗುತ್ತದೆ."

"ತೆರೆಯುವುದಿಲ್ಲ ಅಂದುಕೊಂಡಿದ್ದೆ."

ಅವಳು ಲೇಬಲ್ಲಿನ ಮೇಲೆ ಹೆಬ್ಬೆರಳು ಆಡಿಸಿದಳು. ಆಮೇಲೆ ಓಪನರ್ ತೆಗೆದುಕೊಂಡಳು. ಮುಚ್ಚಳ ಸಣ್ಣ ಸದ್ದು ಮಾಡಿ ಬಿಟ್ಟುಕೊಂಡಿತು. ಗ್ಲಾಸಿಗೆ ಬಗ್ಗಿಸುತ್ತ ಹೋದಂತೆ ತಳದ ಬಿಳುಪು ಏಳತೊಡಗಿತು. ಶಾಂತವ್ವ ಅವಳ ಕೈ ಹಿಡಿದು ನಿಲ್ಲಿಸಿದಳು.

"ಸಾಕವ್ವಾ. ಇನ್ನ ಬಗ್ಗಸಬ್ಯಾಡ."

ಅದನ್ನು ಶಿವರಾಜ್ ತಿರುಗಿಸಿ ಹೇಳಬೇಕಾಗಲಿಲ್ಲ. ನೋಲೀನ್ ಬಾಟಲಿ ಬಿಟ್ಟುಕೊಟ್ಟಳು. ಶಿವರಾಜ್ ಕೈಚಾಚಿದರೂ ಶಾಂತವ್ವ ಕೊಡಲಿಲ್ಲ. ಹುಟ್ಟಿದಾಗಿನಿಂದ ಸೆರೆಯ ಬಾಟಲಿ ಮುಟ್ಟದಿದ್ದವಳು ಅದನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಅಲುಗಾಡದಂತೆ, ಒಂದೊಂದೇ ಹೆಜ್ಜೆಯಿಟ್ಟು ತನ್ನ ಅಡುಗೆಮನೆಯ ಕಡೆ ನಡೆದಳು.