ಅನಂತನ ಲ್ಯಾಪ್‌ಟಾಪಿನೊಳಗೆ

ಲ್ಯಾಪ್‌ಟಾಪಿನೊಳಗೆ ಯಾರೋ ಉಗುರಿನಿಂದ ಬಡಿಯುತ್ತಿದ್ದರು. ಟಕ್. ಟಕ್ ಟಕ್. ಪರಪ್ಪ ವಾಯರು ಕಿತ್ತ ಮೇಲೂ ಇನ್ನೊಂದು ಸಲ ಬಡಿದೇ ಸುಮ್ಮನಾಯಿತು.

ಸಿಂದಗಿ ಬಸ್ ನಿಲ್ದಾಣದ ಎದುರು ಹಳೇ ಲ್ಯಾಪ್‌ಟಾಪುಗಳಿಗೆ ಅವನೊಬ್ಬನೇ ದಿಕ್ಕು. ಹೊಸವನ್ನು ಮುಟ್ಟುವುದಿಲ್ಲ, ಅವುಗಳಲ್ಲಿ ಸ್ಕ್ರೂ ಇಲ್ಲ, ಬರೀ ಅಂಟು ಎಂದು ಬೈಯುತ್ತಾನೆ. ಸತ್ತದ್ದರ ಭಾಗ ಕಿತ್ತು ಸಾಯುತ್ತಿರುವುದಕ್ಕೆ ಹಾಕುವುದು ಅವನ ಪದ್ಧತಿ. ದೆವ್ವಗಿವ್ವ ನಂಬುವ ಆಸಾಮಿಯಲ್ಲ. ಆದರೂ ಈ ದಪ್ಪ ಕಪ್ಪು ಲ್ಯಾಪ್‌ಟಾಪಿನ ಮುಂದೆ ಅವನ ಮೈ ಜುಮ್ಮೆಂದಿತು. ಫೈಲುಗಳನ್ನು ಹಿಡಿದಿಡುವ ಡಿಸ್ಕು ಹೀಗೆ ಬಡಿದರೆ ಏನರ್ಥ ಎಂಬುದು ಅವನಿಗೆ ಗೊತ್ತಿತ್ತು. ಅದನ್ನು ತಂದು ಎದುರಿಗೆ ಕೂತಿದ್ದ ಸಾವಿತ್ರೀಬಾಯಿಗೆ ಹೇಳಲಿಲ್ಲ.

ಇಂಡಿ ಊರಿನಿಂದ ಆಕೆ ಅದನ್ನು ಹೊತ್ತು ಬಂದದ್ದು ಇದು ಎರಡನೇ ಸಲ.

“ಎಂಟು ವರ್ಷ ಆತಪಾ. ಅವತ್ತ ಮುಂಜಾನೆ ಸಿಟ್ಟಿನಾಗ ಮಗಗ ‘ನಿನ್ನ ಮಾರಿ ತೋರಸಬ್ಯಾಡ’ ಅಂದೆ. ಅನಂತ ಇದರ ಮುಂದ ಕೂತು ಏನೋ ಟೈಪ್ ಮಾಡಿದ, ಎದ್ದು ಹೋದ. ಮಧ್ಯಾಹ್ನ ಕೆನಾಲದಾಗ ಹೆಣ ಸಿಕ್ಕಿತು.”

ಜಾರಿದನೋ, ಹಾರಿದನೋ? ಆಕೆಗೆ ಬೇಕಾದದ್ದು ಅದೊಂದೇ. ಈಗಲೂ ಮಗನ ಕೋಣೆಯಿಂದ ಟೈಪ್ ಮಾಡುವ ಸದ್ದು ಕೇಳುತ್ತದಂತೆ. ಎದ್ದು ಹೋಗಿ ನೋಡಿದರೆ ಲ್ಯಾಪ್‌ಟಾಪು ಮುಚ್ಚಿಯೇ ಇರುತ್ತದಂತೆ.

“ಹೋಗೂ ಮುಂದ ಏನಂದ್ರು ಅವರು?”

“‘ಬರ್ತೇನಿ ಆಯಿ’ ಅಂದ. ಅಷ್ಟ.”

ಪರಪ್ಪ ತಲೆ ತಗ್ಗಿಸಿದ. “ನಾಕು ದಿನ ಬಿಟ್ಟು ಬರ್ರಿ, ಬಾಯಾರ. ನನ್ನ ಅಂಗಡಿಯಿಂದ ಯಾರನ್ನೂ ಖಾಲಿ ಕೈಲೆ ಕಳಿಸಿಲ್ಲ ನಾ.”

ನಾಲ್ಕು ದಿನ ಬೇರೆ ಗಿರಾಕಿಗಳನ್ನೆಲ್ಲ ಬೈದು ಓಡಿಸಿದ. ಗುಜರಿಯಲ್ಲಿ ಬಿದ್ದಿದ್ದ ಅದೇ ಮಾದರಿಯ ಇನ್ನೊಂದನ್ನು ಬಿಚ್ಚಿ, ಬೇಕಾದದ್ದನ್ನು ಕಿತ್ತು ಇದಕ್ಕೆ ಹಾಕಿದ. ನಿಂತುಹೋಗಿದ್ದ ಒಳಗಿನ ಗಡಿಯಾರಕ್ಕೆ ಹೊಸ ಸೆಲ್ ಹಾಕಿ ತಾರೀಖು ಹೊಂದಿಸಿದ. ಬಡಿತ ನಿಂತಿತು. ನಿಂತದ್ದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಬೆನ್ನ ಹಿಂದೆ ಯಾರೋ ನಿಂತು ಪರದೆ ನೋಡುತ್ತಿದ್ದಾರೆ ಅನಿಸಿ ಎರಡು ಸಲ ತಿರುಗಿ ನೋಡಿದ.

ಐದನೇ ದಿನ ಸಾವಿತ್ರೀಬಾಯಿಯ ಮುಂದೆ ಪರದೆ ಬೆಳಗಿತು. ಇದ್ದದ್ದು ಒಂದೇ ಫೈಲು. ಅನಂತ ಸತ್ತ ದಿನದ್ದು, ಮುಂಜಾನೆ ಎಂಟೂ ಹತ್ತು.

‘ಆಯಿ, ನಿನ್ನ ಮ್ಯಾಲ ನನಗ ಸಿಟ್ಟಿಲ್ಲ. ಕೆನಾಲಿಗೆ ಈಜಾಕ ಹೋಗಿ ಬರ್ತೇನಿ. ಸಂಜೀಕ ಕೂತು ಮಾತಾಡೂಣು. ಎರಡು ರೊಟ್ಟಿ ತಗದಿಡು.’

ಆಕೆ ಪರದೆಗೆ ಬೆರಳು ಹಚ್ಚಿ ಒಂದೊಂದೇ ಅಕ್ಷರ ಓದಿದರು. ಕನ್ನಡಕ ಒದ್ದೆಯಾಗಿ ಏನೂ ಕಾಣದಾದಾಗ ಪರಪ್ಪನಿಂದ ಓದಿಸಿದರು. ಓದುತ್ತಾ ಅವನಿಗೂ ಅಳು ಬಂತು. ಗಿರಾಕಿಯ ಮುಂದೆ ಅವನು ಅತ್ತದ್ದು ಅದೇ ಮೊದಲು.

ಕಣ್ಣೊರೆಸಿಕೊಂಡು ಸಾವಿತ್ರೀಬಾಯಿ ಅವನ ತಲೆಯ ಮೇಲೆ ಕೈಯಿಟ್ಟರು.

“ತಾಯಿ-ಮಗ ನಾವು ಮಾತಾಡಿದ್ದು, ಬರದದ್ದು ಎಲ್ಲಾ ಮರಾಠಿಯಾಗ, ಪರಪ್ಪಾ. ನಿನಗ ತಿಳೀಲಿ ಅಂತ ಅವನ ಮಾತು ಕನ್ನಡದಾಗ ಹೇಳಿದ್ದೆ... ನೀ ಬರದದ್ದು ಭಾಳ ಛಲೋ ಐತಿ, ಇನ್ನೊಮ್ಮೆ ಓದು.”