ಹೆಸರು ಹಾಕದ ಹಾಡುಗಾರ್ತಿ

"ಮೆತ್ತಗೆ ಮಾತಾಡು, ಪಕ್ಕದ ಮನೆಗೆ ಕೇಳತ್ತೆ" ಎಂದು ಗಂಡ ಮತ್ತೆ ಸೌಂಡ್ ಏರಿಸಿದ. ರೆಕಾರ್ಡಿನೊಳಗಿನ ರಷ್ಯನ್ ಒಪೆರಾ ಗಾಯಕ ಎದೆಯ ತಳದಿಂದ ಒಂದು ಸ್ವರ ಎಳೆದ. ಮೇಜಿನ ಮೇಲಿದ್ದ ಲೋಟಗಳು ಗುಂಯ್ ಎಂದವು. ಬೇರೆ ದಿನವಾಗಿದ್ದರೆ ಕನ್ನಡಕದಂಗಡಿ ಇಟ್ಟಿದ್ದ ಈ ಗಂಡ ಅಲ್ಲೇ ಕಣ್ಣು ಮುಚ್ಚಿ ಕೂತುಬಿಡುತ್ತಿದ್ದ. ಮುದುಕ ರಾಜನೊಬ್ಬ ಮಗಳ ಹತ್ತಿರ ಕ್ಷಮೆ ಕೇಳುವ ಹಾಡು ಅದು ಎಂದು ಕವರಿನ ಮೇಲೆ ಓದಿ ತಿಳಿದಿದ್ದ. ಭಾಷೆಯ ಗಂಧಗಾಳಿ ಇಲ್ಲದಿದ್ದರೂ ಆ ಸ್ವರ ಬಂದಾಗಲೆಲ್ಲ ಅವನ ಕಣ್ಣು ತುಂಬಿಕೊಳ್ಳುತ್ತಿತ್ತು.

ಈಗ ಕೂರಲೂ ಆಗದೆ ನಿಲ್ಲಲೂ ಆಗದೆ ಕಿಟಕಿಗೂ ಬಾಗಿಲಿಗೂ ಶತಪಥ ಹಾಕುತ್ತಿದ್ದ. ವಾರದಿಂದ ಸಂಜೆಯಾದರೆ ಇದೇ ರಾಮಾಯಣ. ಸೊಂಟ ಮುರಿದುಕೊಂಡಿದ್ದ ಅತ್ತೆಯನ್ನು ನಾಳೆ ಆಸ್ಪತ್ರೆಯಿಂದ ಬಿಡುತ್ತಾರೆ. ಇನ್ನು ಒಂಟಿಯಾಗಿ ಇರುವ ಹಾಗಿಲ್ಲ. ಇಲ್ಲಿಗೇ ಕರೆತರೋಣ ಎಂದು ಹೆಂಡತಿ, ಜಾಗ ಎಲ್ಲಿದೆ ಎಂದು ಇವನು. ಜಾಗವೇನೋ ಇತ್ತು. ಹಿಂದಿನ ಕೋಣೆಯಲ್ಲಿ ಇವನ ರೆಕಾರ್ಡುಗಳು ಹಾಯಾಗಿ ಮಲಗಿದ್ದವು.

"ಆ ಪ್ಲಾಸ್ಟಿಕ್ ತಟ್ಟೆ ಅತ್ರೆ ನಿಮಗೆ ಕರುಳು ಚುರುಕ್ ಅನ್ನತ್ತೆ. ನಾನು ಅತ್ರೆ ಸೌಂಡ್ ಜಾಸ್ತಿ ಮಾಡ್ತೀರಿ. ನಾಳೆ ಅಮ್ಮನ್ನ ಎಲ್ಲಿ ಬಿಡ್ಲಿ ಹೇಳಿ, ಬೀದೀಲಾ?" ಹೆಂಡತಿ ಬಿಕ್ಕಿ ಬಿಕ್ಕಿ ಅತ್ತಳು. ಇವನ ಕೈ ಮತ್ತೆ ಸೌಂಡಿನ ಗುಂಡಿಗೇ ಹೋಯಿತು.

ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು. "ಹೋಯ್ತು ಮಾನ!" ಎಂದುಕೊಂಡು ಹಾಡು ನಿಲ್ಲಿಸಿ ಬಾಗಿಲು ತೆರೆದ. ಹೆಂಡತಿ ಗಡಿಬಿಡಿಯಲ್ಲಿ ಮುಖ ಒರೆಸಿಕೊಂಡಳು. ಪಕ್ಕದ ಮನೆಯ ಟೀಚರಮ್ಮ ನಿಂತಿದ್ದರು. ನಿವೃತ್ತರಾಗಿ ಎಷ್ಟೋ ಕಾಲವಾಗಿದ್ದರೂ ದನಿ ಮಾತ್ರ ಇನ್ನೂ ತರಗತಿಯದ್ದೇ.

"ಸಾರಿ ಟೀಚರಮ್ಮ, ಗಲಾಟೆ ಆಯ್ತೇನೋ..."

"ಬೈಯೋಕೆ ಬಂದಿಲ್ಲಪ್ಪ! ವಾರದಿಂದ ಗೋಡೆಗೆ ಕಿವಿ ಕೊಟ್ಟು ಕೂತಿದ್ದೀನಿ. ಮೊದಮೊದಲು ಇದೆಂಥ ಕರ್ಮ ಅನ್ನಿಸ್ತಿತ್ತು, ಈಗ ಚಟ ಹಿಡಿದುಬಿಟ್ಟಿದೆ. ಅದೇನು ಗಂಟಲಾ, ಬಾವಿನಾ ಆ ಗಂಡಸಿಂದು! ಆದ್ರೆ ನನ್ನ ಕೇಳಿದ್ರೆ ಆ ಹೆಂಗಸೇ ಒಂದು ಕೈ ಮೇಲು. ಅವನ ಹಿಂದೇನೇ ಅಳ್ತಾ ಬರ್ತಾಳಲ್ಲ, ಅವಳು. ಗೋಡೆ ಆಚೆಗೆ ಒಂದು ಮಾತೂ ತಿಳಿಯಲ್ಲ, ಆದ್ರೂ ಎದ್ದು ಹೋಗೋಕೆ ಮನಸ್ಸು ಬರಲ್ಲ. ನಟನೆ ಅಂತ ಅನ್ನಿಸೋದೇ ಇಲ್ಲ. ಯಾರಪ್ಪ ಅವಳು?"

ಆ ರೆಕಾರ್ಡಿನಲ್ಲಿ ಮೊದಲಿಂದ ಕೊನೆಯವರೆಗೆ ಹಾಡುವವನು ಒಬ್ಬನೇ. ಹೆಣ್ಣುದನಿ ಹೆಸರಿಗೂ ಇರಲಿಲ್ಲ.

"ಅವಳ ಹೆಸರು... ಹಾಕಿಲ್ಲ ಟೀಚರಮ್ಮ" ಎಂದ. ನಾಚಿಕೆಯಿಂದ ನೆಲ ಬಿಟ್ಟು ಕಣ್ಣೆತ್ತಲಾಗಲಿಲ್ಲ.

"ಎಂಥ ಅನ್ಯಾಯ ನೋಡು!" ಟೀಚರಮ್ಮ ಹೆಂಡತಿಯತ್ತ ತಿರುಗಿದರು. "ನಿನಗಾದ್ರೂ ಕಥೆ ಗೊತ್ತಿರಬೇಕಲ್ಲಮ್ಮ. ಅಷ್ಟು ಅತ್ತೂ ಕರೆದೂ ಅವಳು ಅವನ್ನ ಏನು ಕೇಳ್ತಾಳೆ?"

"ಅಮ್ಮನ್ನ ಮನೆಗೆ ಕರ್ಕೊಂಡು ಬರ್ಲಾ ಅಂತ ಕೇಳ್ತಾಳೆ."

"ಅಯ್ಯೋ, ಅಷ್ಟೇನಾ! ಅದಕ್ಕೆ ಅವನು ಏನಂತಾನೆ?"

ಹೆಂಡತಿ ಗಂಡನ ಮುಖವನ್ನೇ ನೋಡಿದಳು.

"ಏನೂ ಅನ್ನಲ್ಲ. ಇನ್ನೂ ಜೋರಾಗಿ ಹಾಡ್ತಾನೆ."